ದಿನಾ ಒಂದು ಗಂಟೆ ನಡೆದರೂ ಏದುಸಿರು ಯಾಕೆ?

ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಕೊಡುವಾಗ ಒಂದು ಸಾಲು ಬರೆದುಬಿಟ್ಟಿದ್ದೆ: "ಎಷ್ಟು ಹೊತ್ತು ನಡೆದಿರಿ ಅಂತ ಹೇಳಬೇಡಿ, ಹೇಗೆ ನಡೆದಿರಿ ಅಂತ ಹೇಳಿ." ಅದಕ್ಕೆ ಬಂದ ಪತ್ರಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಅರ್ಧ ಜನಕ್ಕೆ ನನ್ನ ಮೇಲೆ ಸಿಟ್ಟೂ ಬಂದಿದೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಬಿರುಸು ನಡಿಗೆಗೇ ಮೀಸಲು. ನಾನು ಡಾಕ್ಟರಲ್ಲ. 31 ವರ್ಷ ಮಕ್ಕಳನ್ನು ಓಡಿಸಿ ನಿವೃತ್ತನಾದ ಪಿ.ಟಿ. ಮೇಷ್ಟ್ರು. ಕಾಯಿಲೆಯ ಮಾತು ಬಂದ ಕಡೆ ಡಾಕ್ಟರ ಹತ್ತಿರ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಷ್ಟ್ರೇ, ನನಗೆ 52 ವರ್ಷ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸದೆ ಬೆಳಿಗ್ಗೆ ಒಂದು ಗಂಟೆ ನಡೆಯುತ್ತೇನೆ. ದಿನದ ಕೊನೆಗೆ ಮೊಬೈಲ್ 10,000 ಹೆಜ್ಜೆ ತೋರಿಸುತ್ತದೆ. ಮೊನ್ನೆ ಆಫೀಸಿನಲ್ಲಿ ಲಿಫ್ಟ್ ಕೆಟ್ಟಿತ್ತು. ಮೂರನೇ ಮಹಡಿ ಹತ್ತುವಷ್ಟರಲ್ಲಿ ಮಾತಾಡಲೂ ಆಗಲಿಲ್ಲ. ನಾನು ನಡೆದದ್ದೆಲ್ಲ ಎಲ್ಲಿ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ. ಎರಡು ವರ್ಷ ಬಿಡದೆ ನಡೆದಿದ್ದೀರಲ್ಲ, ಅದು ಸಣ್ಣ ವಿಷಯವಲ್ಲ. ಆದರೆ ನೀವು ನಡೆದದ್ದು ಬಹುಶಃ ಒಂದೇ ವೇಗದಲ್ಲಿ. ಅದೂ ನಿಮ್ಮ ದೇಹಕ್ಕೆ ಅತಿ ಸುಲಭವಾದ ವೇಗದಲ್ಲಿ.

ನನ್ನದೂ ಇದೇ ಕಥೆ. ಶಾಲೆಯಲ್ಲಿದ್ದಷ್ಟು ದಿನ ಸೀಟಿ ಊದಿಕೊಂಡು ಮೈದಾನ ಸುತ್ತುತ್ತಿದ್ದವನು, ನಿವೃತ್ತಿಯಾದ ಮೇಲೆ ಮೂವರು ಗೆಳೆಯರ ಜೊತೆ ಹರಟುತ್ತಾ ನಡೆಯಲು ಶುರುಮಾಡಿದೆ. ದಿನಕ್ಕೆ ಒಂದು ಗಂಟೆ. ಫಿಟ್ ಆಗಿದ್ದೇನೆ ಅಂತ ಭಾರಿ ನಂಬಿಕೆ. ಒಂದು ವರ್ಷ ಕಳೆದ ಮೇಲೆ ಹಳೆ ವಿದ್ಯಾರ್ಥಿಯೊಬ್ಬನ ಮನೆಗೆ ಹೋದೆ. ನಾಲ್ಕನೇ ಮಹಡಿ. ಬಾಗಿಲು ತೆರೆದವನು ನನ್ನ ಮುಖ ನೋಡಿ "ಸರ್, ಮೊದಲು ಕೂತ್ಕೊಳ್ಳಿ" ಅಂದ. ಅವನ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳುವಷ್ಟೂ ಉಸಿರಿರಲಿಲ್ಲ ನನಗೆ. ಇದೇ ಹುಡುಗ ಓಟ ಮುಗಿಸಿ ಬಗ್ಗಿ ನಿಂತಾಗ "ಇಷ್ಟಕ್ಕೇ ಸುಸ್ತಾ?" ಅಂತ ಗದರಿದ್ದವನು ನಾನು!

ಮಾರನೇ ದಿನ ಪೆಟ್ಟಿಗೆಯಿಂದ ಹಳೆ ಸ್ಟಾಪ್‌ವಾಚ್ ಹೊರಗೆ ತೆಗೆದೆ. ಮೈದಾನದ ಟ್ರ್ಯಾಕ್ 200 ಮೀಟರ್. ಮಾಮೂಲಿ ನಡಿಗೆಯಲ್ಲಿ ಎರಡು ಸುತ್ತು ಹಾಕಿದೆ. 5 ನಿಮಿಷ 10 ಸೆಕೆಂಡ್. ಅಂದರೆ ಗಂಟೆಗೆ ಸುಮಾರು 4.6 ಕಿ.ಮೀ.

ಈ ವೇಗದ ಗುಟ್ಟೇನು ಗೊತ್ತಾ? ನಡೆಯುವಾಗ ಊರಿದ ಕಾಲಿನ ಮೇಲೆ ನಮ್ಮ ಮೈ ತಲೆಕೆಳಗಾದ ಪೆಂಡುಲಮ್ ತರಹ ತೂಗುತ್ತದೆ. ಒಂದು ಹೆಜ್ಜೆಯಲ್ಲಿ ಮೈ ಕೆಳಗಿಳಿದಾಗ ಸಿಕ್ಕ ಬಲ, ಮುಂದಿನ ಹೆಜ್ಜೆಯಲ್ಲಿ ಮೇಲೇಳಲು ಒದಗುತ್ತದೆ. ಗಂಟೆಗೆ 4.5ರಿಂದ 5 ಕಿ.ಮೀ. ಹತ್ತಿರ ಈ ಕೊಡುಕೊಳ್ಳುವಿಕೆ ಚೆನ್ನಾಗಿ ಕೂಡಿಬರುತ್ತದೆ. ಒಂದು ಕಿ.ಮೀ. ದಾಟಲು ಅತಿ ಕಡಿಮೆ ಶಕ್ತಿ ಖರ್ಚಾಗುವುದು ಸುಮಾರು ಈ ವೇಗದಲ್ಲೇ. ಯಾರೂ ಹೇಳಿಕೊಡದಿದ್ದರೂ ಎಲ್ಲರ ಕಾಲೂ ತಾನಾಗಿ ಇದೇ ವೇಗಕ್ಕೆ ಬಂದು ನಿಲ್ಲುತ್ತದೆ. ದೇಹ ಮಹಾ ಜಿಪುಣ. ದೂರದ ಊರಿಗೆ ನಡೆದು ಹೋಗುವವನಿಗೆ ಇದು ವರ. ದಮ್ಮು ಹೆಚ್ಚಿಸಿಕೊಳ್ಳಬೇಕು ಅನ್ನುವವನಿಗೆ ಇದೇ ತೊಡಕು.

ಅಂಕಿಯಲ್ಲಿ ಹೇಳುವುದಾದರೆ ಹೀಗೆ. ಸುಮ್ನೆ ಕೂತಾಗ ಖರ್ಚಾಗುವ ಶಕ್ತಿಯನ್ನು 1 ಅಂತ ಇಟ್ಟುಕೊಳ್ಳಿ. ಗಂಟೆಗೆ 4 ಕಿ.ಮೀ. ನಡೆದರೆ ಅದು ಸುಮಾರು 3 ಆಗುತ್ತದೆ. 5.6 ಕಿ.ಮೀ.ಗೆ 4 ದಾಟುತ್ತದೆ. 6.4 ಕಿ.ಮೀ.ಗೆ 5ರ ಹತ್ತಿರ. ಮೆಟ್ಟಿಲು ಹತ್ತುವಾಗ ಇಡೀ ಮೈಭಾರವನ್ನು ಮೇಲೆತ್ತಬೇಕು, ಅದು ಇನ್ನೂ ಜಾಸ್ತಿ ಕೇಳುತ್ತದೆ. ದಿನಾ 3 ಕೇಳುವ ಕೆಲಸವನ್ನಷ್ಟೇ ಮಾಡಿದ ಎದೆಗೆ ಇದ್ದಕ್ಕಿದ್ದಂತೆ ಅದರ ಎರಡು ಪಟ್ಟು ಕೇಳಿದರೆ ಅದು ಏನು ಮಾಡೀತು? ಬಾಯಿ ಬಿಡುತ್ತದೆ.

ಇನ್ನು ಆ 10,000. ಅದೇನು ಶಾಸನವಲ್ಲ. 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಹೆಸರು 'ಮಾನ್‌ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಆ ಹೆಸರು ಇವತ್ತು ನಿಮ್ಮ ಮೊಬೈಲ್‌ವರೆಗೂ ಬಂದು ಕೂತಿದೆ. ಹೆಜ್ಜೆ ಎಣಿಸುವುದು ತಪ್ಪಲ್ಲ. ಆದರೆ ಅಡುಗೆಮನೆಗೆ ಹೋಗಿ ಬಂದದ್ದನ್ನೂ ಬಸ್ಸು ಹಿಡಿಯಲು ದಾಪುಗಾಲು ಹಾಕಿದ್ದನ್ನೂ ಆ ಅಂಕಿ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ನಾನು ಹೊತ್ತು ಹೆಚ್ಚಿಸಲಿಲ್ಲ, ಕಡಿಮೆಯೇ ಮಾಡಿದೆ. ಒಂದು ಗಂಟೆಯ ಬದಲು 40 ನಿಮಿಷ, ಮಧ್ಯೆ ಮಧ್ಯೆ ಬಿರುಸು. ಹತ್ತು ವಾರದ ಮೇಲೆ ಅದೇ ಎರಡು ಸುತ್ತಿಗೆ 4 ನಿಮಿಷ 5 ಸೆಕೆಂಡ್. ಆ ನಾಲ್ಕನೇ ಮಹಡಿಗೂ ಇನ್ನೊಮ್ಮೆ ಹೋದೆ. ಏದುಸಿರು ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಈ ಸಲ ಮೊದಲು ನಮಸ್ಕಾರ ಹೇಳಿದ್ದು ನಾನು.

ಒಂದು ಮಾತು ಮಾತ್ರ ತಮಾಷೆಯದಲ್ಲ. ಮೊನ್ನೆ ಮೊನ್ನೆವರೆಗೆ ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲು ಈಗ ಏಕಾಏಕಿ ಕಷ್ಟವಾಗಿದ್ದರೆ, ಅಥವಾ ಹತ್ತುವಾಗ ಎದೆ ಹಿಂಡಿದ ಹಾಗೆ ಆಗುತ್ತಿದ್ದರೆ, ನೋವು ದವಡೆಗೋ ತೋಳಿಗೋ ಹರಡುತ್ತಿದ್ದರೆ, ನನ್ನ ಉತ್ತರವನ್ನು ಇಲ್ಲಿಗೇ ಬಿಟ್ಟು ಇವತ್ತೇ ಡಾಕ್ಟರನ್ನು ಕಾಣಿ. ವೇಗ ಆಮೇಲೆ.

ಪ್ರಶ್ನೆ: 'ಬೇಗ' ಅಂದರೆ ಎಷ್ಟು ಬೇಗ? ನನ್ನ ಹತ್ತಿರ ಸ್ಮಾರ್ಟ್‌ವಾಚ್ ಇಲ್ಲ, ಕೊಳ್ಳುವ ಮನಸ್ಸೂ ಇಲ್ಲ.

ಉತ್ತರ: ಕೊಳ್ಳಬೇಡಿ. ಸೆಕೆಂಡು ತೋರಿಸುವ ಯಾವ ಗಡಿಯಾರವಾದರೂ ಸಾಕು. ಬಲಗಾಲು ನೆಲಕ್ಕೆ ತಾಗಿದಾಗಲೆಲ್ಲ ಒಂದು ಅಂತ ಎಣಿಸಿ, ಬರೀ 30 ಸೆಕೆಂಡ್. ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ. ಅದು ನಿಮ್ಮ ನಿಮಿಷದ ಹೆಜ್ಜೆ. ಬಲಗಾಲು 25 ಸಲ ತಾಗಿದರೆ ನಿಮಿಷಕ್ಕೆ 100 ಆಯಿತು. ದೊಡ್ಡವರ ನಡಿಗೆಯನ್ನು ಅಳೆದವರು ಹೇಳುವ ಲೆಕ್ಕ ಇದು: ನಿಮಿಷಕ್ಕೆ 100 ಹೆಜ್ಜೆಯ ಹತ್ತಿರ ಬಂದರೆ ಅದು ಮಧ್ಯಮ ಶ್ರಮ, 130ರ ಹತ್ತಿರ ಹೋದರೆ ಜೋರು ಶ್ರಮ. ಎತ್ತರದವರಿಗೆ ಒಂದೆರಡು ಕಡಿಮೆ, ಗಿಡ್ಡ ಇರುವವರಿಗೆ ಒಂದೆರಡು ಜಾಸ್ತಿ ಬೇಕಾಗಬಹುದು. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಣಿಸಲೂ ಬೇಸರವೇ? ಹಾಗಾದರೆ ಹಾಡಿ. ನಡೆಯುತ್ತಾ ಹಾಡಲು ಬಂದರೆ ನಿಮ್ಮದು ನಿಧಾನ ನಡಿಗೆ. ಮಾತಾಡಬಹುದು, ಹಾಡಲು ಆಗದು ಅಂದರೆ ಮಧ್ಯಮ. ನಾಲ್ಕೈದು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಜೋರು. ನನಗೆ ಗಡಿಯಾರಕ್ಕಿಂತ ಈ ಪರೀಕ್ಷೆಯ ಮೇಲೇ ನಂಬಿಕೆ ಜಾಸ್ತಿ. ಯಾಕೆಂದರೆ ಪಕ್ಕದವರ ವೇಗ ನಿಮಗೆ ಲೆಕ್ಕವಲ್ಲ. 25ರ ಹುಡುಗನಿಗೆ ಹಾಡು ಬರುವ ವೇಗದಲ್ಲಿ ನನಗೆ ಮಾತೂ ಹೊರಡುವುದಿಲ್ಲ. ಆಗ ವ್ಯಾಯಾಮ ಆಗುತ್ತಿರುವುದು ನನಗೆ, ಅವನಿಗಲ್ಲ!

ಪ್ರಶ್ನೆ: ನಿಮ್ಮ ಮಾತು ಕೇಳಿ ಜೋರಾಗಿ ಹೊರಟೆ. ಹತ್ತು ನಿಮಿಷಕ್ಕೇ ಸಾಕಾಯಿತು. ಇಡೀ ಗಂಟೆ ಹೀಗೆ ನಡೆಯುವುದು ಯಾರಿಂದ ಸಾಧ್ಯ?

ಉತ್ತರ: ಇಡೀ ಗಂಟೆ ಅಂತ ನಾನೆಲ್ಲಿ ಹೇಳಿದೆ? ತುಂಡು ತುಂಡಾಗಿ ಮಾಡಿ. ಜಪಾನಿನ ಮತ್ಸುಮೊಟೊದಲ್ಲಿ ಶಿನ್‌ಶು ವಿಶ್ವವಿದ್ಯಾಲಯ ಇದೆ. ಅಲ್ಲಿ ಹಿರೋಶಿ ನೋಸೆ ಮತ್ತು ಜೊತೆಯವರು ನಡುವಯಸ್ಸಿನವರನ್ನೂ ವಯಸ್ಸಾದವರನ್ನೂ ಸೇರಿಸಿ ಐದು ತಿಂಗಳು ಒಂದು ಪ್ರಯೋಗ ಮಾಡಿದರು. ಫಲಿತಾಂಶ ಅಚ್ಚಾದದ್ದು 2007ರಲ್ಲಿ. ಒಂದು ಗುಂಪಿನವರದು ಒಂದೇ ಸಮನಾದ ಮಧ್ಯಮ ನಡಿಗೆ. ಇನ್ನೊಂದು ಗುಂಪಿನವರದು 3 ನಿಮಿಷ ಬಿರುಸು, 3 ನಿಮಿಷ ನಿಧಾನ, ಹೀಗೆ ಐದು ಸಲ ಅಥವಾ ಹೆಚ್ಚು, ವಾರಕ್ಕೆ ನಾಲ್ಕು ದಿನ ಅಥವಾ ಹೆಚ್ಚು. ಕೊನೆಗೆ ತೊಡೆಯ ಬಲದಲ್ಲಿ, ದಮ್ಮಿನಲ್ಲಿ, ಬಿ.ಪಿ. ಇಳಿದದ್ದರಲ್ಲಿ ಎರಡನೇ ಗುಂಪೇ ಮುಂದಿತ್ತು.

ನಾನು ಇದನ್ನು ಓದುವ ಮೊದಲೇ ಮಕ್ಕಳ ಓಟದಲ್ಲಿ ಮಾಡಿಸುತ್ತಿದ್ದೆ, ಹೆಸರು ಮಾತ್ರ ಗೊತ್ತಿರಲಿಲ್ಲ. ಓಟಗಾರರಿಗೆ ಇದು ಹಳೇ ಪಾಠ. ನಡೆಯುವವರಿಗೆ ದಾಟಿಸಬೇಕು ಅಂತ ನನ್ನ ತಲೆಗೆ ಹೊಳೆಯಲಿಲ್ಲ, ಅಷ್ಟೇ.

ನಿಮಗೆ ಮೂರು ನಿಮಿಷ ಮೊದಲ ದಿನವೇ ಬೇಡ. ಐದು ನಿಮಿಷ ನಿಧಾನ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಒಂದು ದೀಪದ ಕಂಬದಿಂದ ಮುಂದಿನ ಕಂಬದವರೆಗೆ ಬಿರುಸು, ಅಲ್ಲಿಂದ ಎರಡು ಕಂಬ ಆರಾಮ. ಒಂದು ವಾರ ಇಷ್ಟೇ. ಎರಡನೇ ವಾರ ಒಂದು ನಿಮಿಷ, ನಾಲ್ಕನೇ ವಾರದ ಹೊತ್ತಿಗೆ ಎರಡು. ಮೂರಕ್ಕೆ ಬಂದಾಗ ನಿಮಗೇ ಒಂದು ವಿಷಯ ಗೊತ್ತಾಗುತ್ತದೆ: ಮೊದಲ ನಿಮಿಷ ಸುಲಭ, ಎರಡನೆಯದು ಪರವಾಗಿಲ್ಲ, ಮೂರನೆಯದರಲ್ಲಿ ಗಡಿಯಾರ ನಿಂತೇ ಹೋಗಿದೆ ಅನ್ನಿಸುತ್ತದೆ. ಹಾಗೆ ಅನ್ನಿಸಿದರೆ ವೇಗ ಸರಿಯಾಗಿದೆ. ಮೂರೂ ನಿಮಿಷ ಆರಾಮವಾಗಿದ್ದರೆ ನೀವು ನನಗೆ ಮೋಸ ಮಾಡುತ್ತಿದ್ದೀರಿ.

ಪ್ರಶ್ನೆ: ಬೇಗ ನಡೆದ ದಿನ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ, ಮೂಳೆಯ ಪಕ್ಕ ಉರಿದ ಹಾಗೆ ನೋವು. ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತೇನೆ, ಶೂ ಕೂಡ ಹೊಸದು. ಏನು ತಪ್ಪು?

ಉತ್ತರ: ತಪ್ಪು ಏನಂತ ನೀವೇ ಬರೆದಿದ್ದೀರಿ. ದೊಡ್ಡ ದೊಡ್ಡ ಹೆಜ್ಜೆ. ನಾನೂ ಮೊದಲ ವಾರ ಇದನ್ನೇ ಮಾಡಿ ನಾಲ್ಕು ದಿನ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿದಿದ್ದೇನೆ. ಪಿ.ಟಿ. ಮೇಷ್ಟ್ರಿಗೇ ಹೀಗಾದರೆ ಬೇರೆಯವರ ಮಾತೇನು.

ವೇಗ ಬೇಕು ಅಂದ ತಕ್ಷಣ ನಾವು ಮುಂದಿನ ಕಾಲನ್ನು ದೂರಕ್ಕೆ ಚಾಚುತ್ತೇವೆ. ಆ ಕಾಲು ಮೈಗಿಂತ ತುಂಬಾ ಮುಂದೆ, ಹಿಮ್ಮಡಿಯ ಮೇಲೆ ಧಪ್ ಅಂತ ಬೀಳುತ್ತದೆ. ಅದು ಬ್ರೇಕ್ ಹಾಕಿದ ಹಾಗೆ. ಒಂದು ಕಡೆ ತಳ್ಳುತ್ತೀರಿ, ಇನ್ನೊಂದು ಕಡೆ ನೀವೇ ತಡೆಯುತ್ತೀರಿ. ಪ್ರತಿ ಸಲ ಪಾದ ಪಟ್ಟೆಂದು ನೆಲಕ್ಕೆ ಬಡಿಯದಂತೆ ಹಿಡಿದು ಇಳಿಸುವ ಕೆಲಸ ಮೊಣಕಾಲ ಕೆಳಗಿನ ಆ ಮುಂಭಾಗದ ಸ್ನಾಯುವಿನದು. ಬಿರುಸು ನಡಿಗೆಯಲ್ಲಿ ಅದಕ್ಕೆ ಬಿಡುವೇ ಇಲ್ಲ. ಅದಕ್ಕೇ ಉರಿ.

ಹೀಗೆ ಮಾಡಿ ನೋಡಿ. ಹೆಜ್ಜೆ ಚಿಕ್ಕದು ಮಾಡಿ, ಆದರೆ ಬೇಗ ಬೇಗ ಹಾಕಿ. ಗಮನ ಮುಂದಿನ ಕಾಲಿನ ಮೇಲೆ ಬೇಡ, ಹಿಂದಿನ ಕಾಲಿನ ಮೇಲಿರಲಿ. ಅದು ನೆಲ ಬಿಡುವ ಮೊದಲು ಹೆಬ್ಬೆರಳಿನಿಂದ ನೆಲವನ್ನು ಹಿಂದಕ್ಕೆ ಒತ್ತಿ ಬಿಡಬೇಕು. ವೇಗ ಹುಟ್ಟುವುದು ಅಲ್ಲಿ. ಇನ್ನು ಕೈ. ಮೊಣಕೈ ಮಡಚಿ, ಕೈಯನ್ನು ಹಿಂದಕ್ಕೆ ಎಳೆಯಿರಿ, ಮುಂದಕ್ಕೆ ಅದು ತಾನಾಗಿ ಬರುತ್ತದೆ. ಮಡಚಿದ ಕೈ ಗಿಡ್ಡ ಪೆಂಡುಲಮ್, ಬೇಗ ತೂಗುತ್ತದೆ. ಕೈಗೂ ಕಾಲಿಗೂ ತಾಳ ಒಂದೇ, ಹಾಗಾಗಿ ಕೈ ಬೇಗ ಬೀಸಿದರೆ ಕಾಲು ಹಿಂದೆ ಉಳಿಯುವುದಿಲ್ಲ. ಮೊಬೈಲ್ ಕೈಯಲ್ಲಿ ಹಿಡಿದು ನೋಡುತ್ತಾ ನಡೆಯುವವರು ಎಷ್ಟು ತಿಣುಕಿದರೂ ವೇಗ ಬರುವುದಿಲ್ಲ, ನೀವೇ ಗಮನಿಸಿ.

ಮನೆಗೆ ಬಂದ ಮೇಲೆ ಹಳೇ ಶೂ ತೆಗೆದು ಅಂಗಾತ ತಿರುಗಿಸಿ. ನನ್ನದು ಹಿಮ್ಮಡಿಯ ಹೊರಮೂಲೆಯಲ್ಲಿ ಕತ್ತರಿಸಿದ ಹಾಗೆ ಸವೆದಿತ್ತು, ಹೆಬ್ಬೆರಳಿನ ಕೆಳಗೆ ಮಾತ್ರ ಗೆರೆಗಳು ಅಂಗಡಿಯಲ್ಲಿದ್ದ ಹಾಗೇ ಇದ್ದವು. ಹಿಮ್ಮಡಿಯ ಹೊರಭಾಗ ಸ್ವಲ್ಪ ಸವೆಯುವುದು ಸಹಜವೇ. ಆದರೆ ಮುಂಭಾಗ ಅಷ್ಟು ಹೊಸದಾಗಿ ಕಂಡಾಗ ನನಗೆ ಅನ್ನಿಸಿದ್ದು, ಇಷ್ಟು ದಿನ ನೆಲವನ್ನು ಬರೀ ಹೊಡೆದಿದ್ದೇನೆ, ತಳ್ಳಿಯೇ ಇಲ್ಲ ಅಂತ.

ಸ್ನಾಯುವಿನ ಉರಿಯಾದರೆ ವೇಗ ತಗ್ಗಿಸಿ, ಎರಡು ಮೂರು ದಿನ ಬಿಟ್ಟು ಮತ್ತೆ ಶುರುಮಾಡಿ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುರ್ ಅನ್ನುತ್ತಿದ್ದರೆ ತೋರಿಸಿ. ಇನ್ನೊಂದು ನೋವಿದೆ, ಅದನ್ನು ಇದರ ಜೊತೆ ಸೇರಿಸಬೇಡಿ: ಕಾಲಿನ ಹಿಂದೆ, ಮೀನಖಂಡದಲ್ಲಿ, ನಡೆದಾಗ ಹಿಡಿದುಕೊಂಡು, ನಿಂತ ಕೆಲವೇ ನಿಮಿಷದಲ್ಲಿ ಬಿಟ್ಟುಹೋಗುವಂಥದ್ದು. ಕಾಲಿನ ರಕ್ತನಾಳ ಕಿರಿದಾದಾಗಲೂ ಹೀಗೆ ಆಗುತ್ತದೆ. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರು ಇದನ್ನು ಬರೀ ಸುಸ್ತು ಅಂತ ತಳ್ಳಿಹಾಕಬಾರದು.

ಪ್ರಶ್ನೆ: ನನಗೆ 68. "ಈ ವಯಸ್ಸಲ್ಲಿ ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ, ನಿಧಾನ ನಡಿ" ಅಂತ ನಮ್ಮ ಯಜಮಾನರು ನಗುತ್ತಾರೆ. ನಾನು ಬೇಗ ನಡೆಯುವುದು ತಪ್ಪಾ?

ಉತ್ತರ: ತಪ್ಪಲ್ಲ ತಾಯಿ. ಯಜಮಾನರನ್ನೂ ಕರೆದುಕೊಂಡು ಹೋಗಿ. 2011ರಲ್ಲಿ ಅಮೆರಿಕದ ಸ್ಟೆಫನಿ ಸ್ಟುಡೆನ್‌ಸ್ಕಿ ಮತ್ತು ಸಂಗಡಿಗರು 65 ದಾಟಿದ 34,000ಕ್ಕೂ ಹೆಚ್ಚು ಜನರ ಅಂಕಿ ಅಂಶ ಒಟ್ಟುಗೂಡಿಸಿ ನೋಡಿದರು. ತಮ್ಮ ಮಾಮೂಲಿ ನಡಿಗೆಯೇ ಚುರುಕಾಗಿದ್ದವರು ಹೆಚ್ಚು ವರ್ಷ ಬದುಕಿದ್ದರು. ಇದನ್ನು ಓದಿ ನಾಳೆಯಿಂದ ಓಡಬೇಡಿ. ಬೇಗ ನಡೆದದ್ದಕ್ಕೇ ಆಯಸ್ಸು ಬೆಳೆಯಿತು ಅಂತ ಇದರ ಅರ್ಥವಲ್ಲ. ಎದೆ, ಶ್ವಾಸಕೋಶ, ಕೀಲು, ನರ, ಕಣ್ಣು ಎಲ್ಲ ಸರಿಯಿದ್ದಾಗ ನಡಿಗೆ ತಾನಾಗಿ ಚುರುಕಾಗಿರುತ್ತದೆ. ನಡಿಗೆ ಒಂದು ಕನ್ನಡಿ.

ಆ ಕನ್ನಡಿ ಮನೆಯಲ್ಲೇ ನೋಡಬಹುದು. ನೆಲದ ಮೇಲೆ 4 ಮೀಟರ್ ಅಳೆದು ಎರಡೂ ತುದಿಗೆ ಗುರುತು ಹಾಕಿ. ಒಂದೆರಡು ಹೆಜ್ಜೆ ಹಿಂದಿನಿಂದಲೇ ಹೊರಟು, ಗುರುತು ದಾಟಿದ ಮೇಲೂ ಎರಡು ಹೆಜ್ಜೆ ಮುಂದೆ ಹೋಗಿ. ನಿಮ್ಮ ದಿನದ ನಡಿಗೆಯಲ್ಲೇ, ಯಾರಿಗೂ ತೋರಿಸಿಕೊಳ್ಳಲು ಅಲ್ಲ. ಸಮಯ ಯಜಮಾನರು ನೋಡಲಿ. 4 ಸೆಕೆಂಡ್ ಆದರೆ ಸೆಕೆಂಡಿಗೆ ಒಂದು ಮೀಟರ್, ಚೆನ್ನಾಗಿದೆ. 5 ಸೆಕೆಂಡ್ ದಾಟಿದರೆ ಕಾಲಿಗೆ ಬಲ ಕೊಡುವ ಕೆಲಸ ಬಾಕಿ ಇದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಾ ಹತ್ತು ಸಲ ಮಾಡಿ. ಬಿರುಸು ನಡಿಗೆಗೆ ಸಮತಟ್ಟು ಜಾಗವೇ ಇರಲಿ. ಈಚೆಗೆ ಬಿದ್ದಿದ್ದರೆ, ತಲೆ ತಿರುಗುತ್ತಿದ್ದರೆ ಮೊದಲು ಅದಕ್ಕೆ ಕಾರಣ ಹುಡುಕಿಸಿ.

ಆಮೇಲೆ ಗುರುತಿನ ಮೇಲೆ ಯಜಮಾನರನ್ನು ನಿಲ್ಲಿಸಿ. ನೋಡೋಣ ಯಾರು ನಗುತ್ತಾರೆ ಅಂತ.

ಪ್ರಶ್ನೆ: ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಎಷ್ಟು ಬಿರುಸಾಗಿ ನಡೆದರೂ ವಾಚಿನಲ್ಲಿ ನಾಡಿ ಏರುವುದೇ ಇಲ್ಲ. ಇನ್ನೂ ಜೋರಾಗಿ ನಡೆಯಲಾ?

ಉತ್ತರ: ಬೇಡ. ಬೀಟಾ ಬ್ಲಾಕರ್ ಅನ್ನುವ ಗುಂಪಿನ ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ, ಅದೇ ಅವುಗಳ ಕೆಲಸ. ನಿಮ್ಮದು ಆ ಗುಂಪಿನದಾ ಅಂತ ಡಾಕ್ಟರನ್ನು ಕೇಳಿ. ಅದೇ ಆದರೆ, ನಾಡಿ ಹೆಚ್ಚೆಂದರೆ ಎಷ್ಟಕ್ಕೆ ಏರಬಹುದು ಅಂತ ತಿಳಿಯಲು ಹೇಳುವ '220ರಲ್ಲಿ ವಯಸ್ಸು ಕಳೆ' ಅನ್ನುವ ಲೆಕ್ಕ ನಿಮಗೆ ಹೊಂದುವುದಿಲ್ಲ. ಮಾತಾಡಬಹುದು, ಹಾಡಲಾಗದು, ಅಲ್ಲಿಗೇ ನಿಲ್ಲಿಸಿ. ವಾಚ್ ನೋಡುವುದು ಬಿಡಿ.

ಪ್ರಶ್ನೆ: ಇಷ್ಟು ಕಷ್ಟಪಟ್ಟು ಬೇಗ ನಡೆಯುವ ಬದಲು ಓಡಬಹುದಲ್ವಾ?

ಉತ್ತರ: ಮಂಡಿ ಒಪ್ಪಿದರೆ ಖಂಡಿತ ಓಡಿ, ನನಗೇನು! ಗಂಟೆಗೆ 7 ಕಿ.ಮೀ. ಹತ್ತಿರ ಬಂದಾಗ ದೇಹವೇ "ಇನ್ನು ಓಡೋಣ" ಅನ್ನುತ್ತದೆ. ಅಲ್ಲಿಂದ ಮುಂದೆ ನಡೆಯುವುದೇ ಓಡುವುದಕ್ಕಿಂತ ದುಬಾರಿ. ಆದರೆ ಓಡುವಾಗ ಎರಡೂ ಕಾಲು ಒಂದು ಕ್ಷಣ ಗಾಳಿಯಲ್ಲಿರುತ್ತವೆ, ಇಳಿಯುವಾಗ ಮೈತೂಕದ ಎರಡು ಮೂರು ಪಟ್ಟು ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ನಡೆಯುವಾಗ ಅದು ಮೈತೂಕಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತೂಕ ಹೆಚ್ಚಿರುವವರಿಗೆ, ಮಂಡಿ ನೋವಿನವರಿಗೆ ಈ ವ್ಯತ್ಯಾಸ ದೊಡ್ಡದು.

ನಡಿಗೆ ಅಂದರೆ ಮುದುಕರದ್ದು ಅಂತ ಮಾತ್ರ ತಿಳಿಯಬೇಡಿ. ರೇಸ್ ವಾಕಿಂಗ್ ಒಲಿಂಪಿಕ್ಸ್‌ಗೆ ಬಂದು ನೂರು ವರ್ಷದ ಮೇಲಾಯಿತು. ಒಂದು ಕಾಲು ಸದಾ ನೆಲದ ಮೇಲಿರುವಂತೆ ಕಾಣಬೇಕು, ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ಮೈಯ ನೇರಕ್ಕೆ ಬರುವವರೆಗೆ ಮಂಡಿ ಬಗ್ಗಬಾರದು. ಈ ಕಟ್ಟುಪಾಡಿನಲ್ಲೂ ಒಳ್ಳೆಯ ಗಂಡಸರು 20 ಕಿ.ಮೀ.ಯನ್ನು 1 ಗಂಟೆ 20 ನಿಮಿಷದೊಳಗೆ ಮುಗಿಸುತ್ತಾರೆ. ನಮ್ಮ ಪೈಕಿ ಹೆಚ್ಚಿನವರು ಓಡಿದರೂ ಅವರ ಹಿಂದೆ ಉಳಿಯುತ್ತೇವೆ.

ಪ್ರಶ್ನೆ: ದಿನಕ್ಕೆ ಅರ್ಧ ಗಂಟೆಯೂ ಒಟ್ಟಿಗೆ ಸಿಗುವುದಿಲ್ಲ. ಹತ್ತು ನಿಮಿಷ, ಐದು ನಿಮಿಷ ನಡೆದರೆ ಲೆಕ್ಕಕ್ಕೆ ಬರುತ್ತದಾ?

ಉತ್ತರ: ಬರುತ್ತದೆ. ಕಡೇಪಕ್ಷ ಹತ್ತು ನಿಮಿಷ ಒಂದೇ ಸಮ ಇರಬೇಕು ಅನ್ನುವ ಮಾತು ಹಿಂದೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಸಲಹೆಯಲ್ಲಿ ಅದನ್ನು ಕೈಬಿಟ್ಟಿದೆ. ವಾರಕ್ಕೆ ಮಧ್ಯಮ ಶ್ರಮವಾದರೆ 150ರಿಂದ 300 ನಿಮಿಷ, ಜೋರು ಶ್ರಮವಾದರೆ 75ರಿಂದ 150. ಅಂದರೆ ಬಿರುಸಾದರೆ ಅರ್ಧ ಹೊತ್ತು ಸಾಕು. ಟೈಮ್ ಇಲ್ಲದವರು ನಿಧಾನ ನಡೆಯುವುದೇ ನನಗೆ ಅರ್ಥವಾಗದ ವಿಷಯ.

ಪ್ರಶ್ನೆ: ನಮ್ಮದು ಐದು ಜನರ ಗುಂಪು. ಉಳಿದವರು ನಿಧಾನ. ಬಿಟ್ಟು ಹೋದರೆ ಬೇಸರ ಮಾಡಿಕೊಳ್ಳುತ್ತಾರೆ, ಜೊತೆಗೆ ನಡೆದರೆ ವ್ಯಾಯಾಮ ಆಗುವುದಿಲ್ಲ. ಏನು ಮಾಡಲಿ?

ಉತ್ತರ: ನಾನು ಮಾಡಿದ್ದನ್ನು ಹೇಳುತ್ತೇನೆ. ನನ್ನ ಮೂವರು ಗೆಳೆಯರಲ್ಲಿ ಒಬ್ಬರು ರಿಟೈರ್ಡ್ ಗುಮಾಸ್ತರು, ಕಥೆ ಹೇಳುವುದರಲ್ಲಿ ಎತ್ತಿದ ಕೈ. ಅವರನ್ನು ಬಿಡಲು ನನಗೂ ಮನಸ್ಸಿಲ್ಲ. ಹಾಗಾಗಿ ಮೂರು ನಿಮಿಷ ಒಬ್ಬನೇ ಮುಂದೆ ಬಿರುಸಾಗಿ ಹೋಗುತ್ತೇನೆ. ಅಷ್ಟರಲ್ಲಿ ನಾನು 300 ಮೀಟರ್, ಅವರು 200. ತಿರುಗಿ ಆರಾಮವಾಗಿ ಅವರ ಕಡೆ ನಡೆದರೆ ಒಂದು ನಿಮಿಷದೊಳಗೆ ಸಿಗುತ್ತಾರೆ. ಉಳಿದ ಎರಡು ನಿಮಿಷ ಜೊತೆಗೆ ನಡೆದು ಉಸಿರು ಸುಧಾರಿಸಿಕೊಂಡು, ಮತ್ತೆ ಮುಂದೆ. ಐದು ಸಲ ಹೀಗೆ ಮಾಡಿದರೆ ಅರ್ಧ ಗಂಟೆ. ಮೊದಮೊದಲು ಮೂವರೂ ಗೇಲಿ ಮಾಡಿದರು, ಈಗ ಅವರಲ್ಲಿ ಒಬ್ಬರು ನನ್ನ ಜೊತೆ ಬರುತ್ತಾರೆ. ಗುಮಾಸ್ತರು ಮಾತ್ರ ತಮ್ಮ ವೇಗ ಬದಲಿಸಿಲ್ಲ. ಕಥೆ ತಪ್ಪಿಹೋಗುತ್ತದೆ ಅನ್ನುವ ಭಯವೂ ನನಗಿಲ್ಲ. ಅವರು ಹೇಳುವ ರೀತಿಗೆ, ಮೂರು ನಿಮಿಷದ ಹಿಂದೆ ಬಾಗಿಲು ತಟ್ಟಿದವನು ಇನ್ನೂ ಹೊರಗೇ ನಿಂತಿರುತ್ತಾನೆ.